ತಗಡು, ಪೀಜೋ, ಹಳೇ ಮಿಕ್ಸರು: ಶಿರಸಿಯಲ್ಲಿ ನಾಯ್ಸ್ ಸೆಟ್ಟು ಕಟ್ಟಿದ ಬಗೆ

ಗದ್ದಲವನ್ನೇ ಸಂಗೀತ ಮಾಡುವ ನಾಯ್ಸ್ ಬ್ಯಾಂಡಿಗೆ ಗಿಟಾರು, ಡ್ರಮ್ಮು ಬೇಕೆಂದೇನಿಲ್ಲ. ನಮ್ಮ ಸೆಟ್ಟು ಎರಡು ಚೀಲದಲ್ಲಿ ಹಿಡಿಯುತ್ತದೆ: ನಾಲ್ಕು ಪೀಜೋ ಬಿಲ್ಲೆ (ನಡುಕವನ್ನು ಕರಂಟಾಗಿಸುವ ಬಿಲ್ಲೆ), ಎರಡು ಬಫರ್ ಡಬ್ಬಿ (ಬಿಲ್ಲೆಗೂ ಮಿಕ್ಸರಿಗೂ ನಡುವಿನ ಸರ್ಕ್ಯೂಟು), ಆರು ಚಾನೆಲ್ಲಿನ ಹಳೇ ಮಿಕ್ಸರು, ಸದ್ದನ್ನು ತಡವಾಗಿ ಮರಳಿಸುವ ಒಂದು ಡಿಲೇ ಪೆಡಲು, ಎರಡು ಕ್ಯಾಸೆಟ್ ಡೆಕ್ಕು. ತಗಡು, ತುರಿಮಣೆ, ಒಣಗಿದ ಅಡಿಕೆ ಹಾಳೆ ಹೋದಲ್ಲಿ ಸಿಗುತ್ತವೆ.

ಬಜರ್‌ನೊಳಗೆ ಇರುವ 27 ಮಿ.ಮೀ. ಹಿತ್ತಾಳೆ ಬಿಲ್ಲೆಯೇ ನಮ್ಮ ಮೈಕು. ನಡುವಿನ ಬಿಳಿ ಭಾಗಕ್ಕೆ ಬೆಸುಗೆ ಹಾಕುವಾಗ ಕಾವು ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ನಿಂತರೆ ಬೆಳ್ಳಿಯ ಲೇಪ ತಂತಿಯ ಜೊತೆಗೇ ಎದ್ದು ಬರುತ್ತದೆ, ಬಿಲ್ಲೆ ಹೋದಂತೆ. ಹಿತ್ತಾಳೆಯ ಅಂಚು ಮಾತ್ರ ಕಾವು ನುಂಗುತ್ತದೆ. ಅದನ್ನು ಮೊದಲು ಮರಳುಕಾಗದದಿಂದ ಉಜ್ಜಿಕೊಳ್ಳಬೇಕು. ಶೀಲ್ಡ್ ಕೇಬಲ್ಲಿನ ಒಳತಂತಿ ನಡುವಿಗೆ, ಹೊರಜಾಲರಿ ಹಿತ್ತಾಳೆಗೆ. ಅದಲುಬದಲಾದರೆ ಕೈ ತಾಗಿದಾಗಲೆಲ್ಲ ಗುಂಯ್ ಎನ್ನುತ್ತದೆ. ಬೆಸುಗೆಯ ಮೇಲೆ ಎರಡು ಸಲ ಉಗುರುಬಣ್ಣ, ಅದು ಒಣಗಿದ ಮೇಲೆ ಎಂ-ಸೀಲ್. ಇಲ್ಲಿಯ ಮಳೆಗಾಲಕ್ಕೆ ಇಷ್ಟು ಮಾಡದಿದ್ದರೆ ತೇವ ಒಳಹೊಕ್ಕು ಸದ್ದು ಕುಗ್ಗುತ್ತ ಹೋಗುತ್ತದೆ.

ಬಹಳ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬಿಲ್ಲೆಯನ್ನು ನೇರ ಮಿಕ್ಸರಿಗೆ ಚುಚ್ಚುತ್ತಾರೆ. ಡಬ್ಬಿ ಬಡಿದಂತೆ ತೆಳ್ಳನೆಯ ಸದ್ದು ಬರುತ್ತದೆ. ಪೀಜೋ ಇಷ್ಟೇ ಎಂದು ಕೈಬಿಡುತ್ತಾರೆ. ತಪ್ಪು ಬಿಲ್ಲೆಯದಲ್ಲ. ಅದು ಸುಮಾರು 20 ನ್ಯಾನೋಫ್ಯಾರಡಿನ ಕೆಪ್ಯಾಸಿಟರ್ ಇದ್ದಂತೆ. ಮಿಕ್ಸರಿನ 10 ಕಿಲೋಓಮ್ ತಡೆಯ ಲೈನ್ ಇನ್‌ಪುಟ್ಟಿಗೆ ಸೇರಿಸಿದರೆ ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. ಅದೇ 1 ಮೆಗಾಓಮ್ ಸಿಕ್ಕರೆ 8 ಹರ್ಟ್ಸ್‌ವರೆಗೂ ಇಳಿಯುತ್ತದೆ. ತಗಡಿನ ಗುಡುಗೆಲ್ಲ ಇರುವುದೇ ಆ ಕೆಳಗಿನ ಭಾಗದಲ್ಲಿ.

ಅದಕ್ಕೇ ಬಫರ್. ಒಂದು ಟಿಎಲ್072 ಐಸಿ, 9 ವೋಲ್ಟ್ ಬ್ಯಾಟರಿ. ಎರಡು 100 ಕಿಲೋಓಮ್ ರೆಸಿಸ್ಟರಿನಿಂದ ವೋಲ್ಟೇಜು ಅರ್ಧ ಮಾಡಿ, ಆ ನಡುಬಿಂದುವಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಅಲ್ಲಿಂದಲೇ ಐಸಿಯ ಪ್ಲಸ್ ಇನ್‌ಪುಟ್ ಕಾಲಿಗೆ 1 ಮೆಗಾಓಮ್. ಬಿಲ್ಲೆಯಿಂದ 10 ಕಿಲೋಓಮ್, ಆಮೇಲೆ 0.1 ಮೈಕ್ರೋಫ್ಯಾರಡ್ ದಾಟಿ ಅದೇ ಕಾಲಿಗೆ. ಮೈನಸ್ ಕಾಲು ಔಟ್‌ಪುಟ್ಟಿಗೆ, ಔಟ್‌ಪುಟ್ಟಿನಿಂದ 10 ಮೈಕ್ರೋಫ್ಯಾರಡ್ ಮೂಲಕ ಹೊರಗೆ. ಪ್ಲಸ್ ಕಾಲಿನಿಂದ ಬ್ಯಾಟರಿಯ ಎರಡೂ ತುದಿಗೆ ಒಂದೊಂದು 1ಎನ್4148 ಡಯೋಡು, ಸಾಮಾನ್ಯವಾಗಿ ಕರಂಟು ಹರಿಯದ ದಿಕ್ಕಿಗೆ. ಇವನ್ನು ಬಿಟ್ಟರೆ ತಗಡಿಗೆ ಜೋರಾಗಿ ಬಡಿದ ದಿನ ಐಸಿ ಸುಡಬಹುದು. ಜೋರು ಪೆಟ್ಟು ಬಿದ್ದಾಗ ಪೀಜೋ ಹತ್ತಾರು ವೋಲ್ಟ್ ಕೊಡುತ್ತದೆ. ಐಸಿಯ ಇನ್ನರ್ಧ ಎರಡನೇ ಬಿಲ್ಲೆಗೆ.

ಬ್ಯಾಟರಿಯೇ ಯಾಕೆಂದರೆ ಇನ್ವರ್ಟರಿನ ಗುಂಯ್‌ಗುಡುವಿಕೆ ಒಳಬರದಿರಲಿ ಎಂದು. ನಾಯ್ಸ್ ಬ್ಯಾಂಡಿಗೆ ಹಮ್ಮಿಂಗ್ ಬಂದರೇನು ಎಂದು ಕೇಳುವವರುಂಟು. ಕರೆಯದೆ ಬಂದ ಹಮ್ಮಿಂಗ್ ಆಟ ಮುಗಿಯುವವರೆಗೂ ಎದ್ದು ಹೋಗುವುದಿಲ್ಲ, ಅಷ್ಟೇ.

ಈ ಬೆಸುಗೆ ಹಚ್ಚುವ ಚಾಳಿ ನಮ್ಮಿಂದ ಶುರುವಾದದ್ದಲ್ಲ. 1913ರಲ್ಲಿ ಗದ್ದಲವೂ ಸಂಗೀತವೇ ಎಂದು ಬರೆದ ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ, ಹಿಡಿ ತಿರುಗಿಸಿದರೆ ಚಕ್ರ ತಂತಿಗೆ ಉಜ್ಜಿ, ಆ ಕಂಪನ ಬಿಗಿದ ತೊಗಲಿಗೆ ಹೋಗುವ ಪೆಟ್ಟಿಗೆಗಳನ್ನು ಮಾಡಿದ. ಚಂಡೆಯ ಬಾಯಿಗೆ ತಂತಿ ಕಟ್ಟಿ ಎಳೆದರೆ ಹತ್ತಿರದ ಸದ್ದೇ ಬರುತ್ತದೆ. (ಭಾಗವತರ ಚಂಡೆ ಮುಟ್ಟಬೇಡಿ, ಹರಿದದ್ದು ಹುಡುಕಿ.) 1975ರಲ್ಲಿ ಹುಟ್ಟಿ 1981ರಲ್ಲಿ ಒಡೆದ ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ ಬ್ಯಾಂಡಿನಲ್ಲಿ ಕ್ರಿಸ್ ಕಾರ್ಟರ್ ಉಪಕರಣಗಳನ್ನು ತಾನೇ ಕಟ್ಟುತ್ತಿದ್ದ. 1979ರಲ್ಲಿ ಟೋಕಿಯೊದಲ್ಲಿ ಮಸಾಮಿ ಅಕಿತಾ ಮರ್ಜ್‌ಬೌ ಹೆಸರಿನಲ್ಲಿ ನಾಯ್ಸ್ ಶುರುಮಾಡಿದ. ಆತನ ಮೊದಮೊದಲ ಕ್ಯಾಸೆಟ್ಟುಗಳು ಅಂಚೆಯಲ್ಲೇ ಕೈಬದಲಾದವು. ಮಿಕ್ಸರಿಗೆ ಏನನ್ನೂ ಸೇರಿಸದೆ ಅದನ್ನೇ ವಾದ್ಯ ಮಾಡಿದವರಲ್ಲಿ ಜಪಾನಿನ ತೋಶಿಮಾರು ನಕಮುರಾ ಹೆಸರಾದವನು.

ಆ ಕ್ರಮ ನಮ್ಮಲ್ಲಿ ಹೀಗೆ: ಮಿಕ್ಸರಿನ ಆಕ್ಸ್ ಸೆಂಡಿನಿಂದ (ಹೆಚ್ಚುವರಿ ಹೊರದಾರಿ) ಡಿಲೇ ಪೆಡಲಿಗೆ, ಪೆಡಲಿನಿಂದ ಮೂರನೇ ಚಾನೆಲ್ಲಿಗೆ. ತಿರುಗಿಸುವ ಗುಬ್ಬಿಗಳನ್ನೆಲ್ಲ ಸೊನ್ನೆಗೆ ತಂದು, ಆ ಚಾನೆಲ್ಲಿನ ಆಕ್ಸನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದರೆ ಹೊರಟ ಸದ್ದು ಮತ್ತೆ ಒಳಬಂದು (ಇದೇ ಫೀಡ್‌ಬ್ಯಾಕ್) ಒಂದು ಹಂತದಲ್ಲಿ ಸಿಳ್ಳೆ ಹುಟ್ಟುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು. ಇನ್ನು ಮುಂದೆ ಮಿಡ್ ಗುಬ್ಬಿಯೇ ಶ್ರುತಿ. ಬಾಸ್ ಏರಿಸಿದರೆ ಸಿಳ್ಳೆ ಮುರಿದು ಟಕಟಕ ಬಡಿತವಾಗುತ್ತದೆ. ಡಿಲೇ ಸಮಯ ಬದಲಿಸಿದರೆ ಶ್ರುತಿ ಜಾರುತ್ತದೆ. ಇಂಥ ಎರಡು ಸುತ್ತು (ಲೂಪು) ಒಟ್ಟಿಗೆ ಬಿಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ.

ಎಡವಟ್ಟಾಗುವುದು ಸ್ಪೀಕರಿನಲ್ಲಿ. ಹಾಡಿನಲ್ಲಿ ಮೇಲಿನ ಸ್ವರ ಬಂದು ಹೋಗುತ್ತದೆ, ಫೀಡ್‌ಬ್ಯಾಕ್ ಕೂತೇ ಇರುತ್ತದೆ. ಮೇಲಿನ ಸ್ವರ ನುಡಿಸುವ ಚಿಕ್ಕ ಸ್ಪೀಕರು, ಅಂದರೆ ಟ್ವೀಟರಿನ ಸುರುಳಿ ಸುಡುತ್ತದೆ. ಸದ್ದನ್ನು ಮಿತಿಯಲ್ಲಿಡುವ ಲಿಮಿಟರ್ ಇಲ್ಲದೆ ಬಾಡಿಗೆ ಸ್ಪೀಕರಿಗೆ ಸೇರಿಸಲೇಬೇಡಿ. ಕಿವಿಗೂ ಲೆಕ್ಕವುಂಟು: 85 ಡೆಸಿಬೆಲ್ ಎಂಟು ತಾಸು, 94 ಒಂದು ತಾಸು, 100 ಆದರೆ ಹದಿನೈದೇ ನಿಮಿಷ.

ಮಳೆಯ ಸದ್ದು ಹಿಡಿಯಲು ಬಿಲ್ಲೆಯನ್ನು ತಗಡಿನ ಮಾಡಿನ ಅಡಿಗೆ ಅಂಟಿಸುತ್ತೇವೆ. ರೀಪಿನ ಹತ್ತಿರ ಅಂಟಿಸಿದರೆ ಟಿಕ್ ಟಿಕ್, ಎರಡು ರೀಪಿನ ನಡುವೆ ಅಂಟಿಸಿದರೆ ಧಂ. ಜಡಿಮಳೆ ಬರೀ ಸುಯ್ ಎಂಬ ಒಂದೇ ಸದ್ದು, ಉಪಯೋಗ ಕಮ್ಮಿ. ಮಳೆ ನಿಂತ ಮೇಲೆ ಬೀಳುವ ಮರದ ಹನಿ ಹಿಡಿಯಿರಿ. ಕಾರವಾರದ ದಂಡೆಯಲ್ಲಿ ಮಾಮೂಲಿ ಮೈಕಿಗೆ ಗಾಳಿಯೇ ತುಂಬುತ್ತದೆ. ದೋಣಿಯ ಹಲಗೆಗೆ ಅಂಟಿಸಿದ ಬಿಲ್ಲೆಗೆ ಆ ಕಾಟ ಬಹಳ ಕಮ್ಮಿ. ಆದರೆ ಉಪ್ಪುಗಾಳಿಗೆ ಜಾಕು ಕಿಲುಬು ಹಿಡಿಯುತ್ತದೆ, ಮನೆಗೆ ಬಂದ ದಿನವೇ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬೇಕು.

ಹಿಡಿದದ್ದು ಕ್ಯಾಸೆಟ್ ಲೂಪಿಗೆ ಹೋಗುತ್ತದೆ. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ, ಹಾಗಾಗಿ 24 ಸೆಂ.ಮೀ. ತುಂಡಿಗೆ ಐದು ಸೆಕೆಂಡು. ತುದಿಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಸ್ಪ್ಲೈಸಿಂಗ್ ಟೇಪಿನಿಂದ ಸೇರಿಸಿ. ಸಾದಾ ಸೆಲ್ಲೋಟೇಪಿನ ಗೋಂದು ಹೆಡ್ಡಿಗೆ ಮೆತ್ತುತ್ತದೆ. ಬಿಳಿ ಬೂಷ್ಟು ಕಂಡ ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಲೇಬಾರದು, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ನಮ್ಮವು ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬದಲ್ಲಿರುತ್ತವೆ.