ಮಳೆಗಾಲದಲ್ಲಿ ಬೆಳ್ಳಗಾದ ಕ್ಲಿಯರ್ ಕೋಟ್: ಸರಿಮಾಡಿದ ಬಗೆ

1/24 ಅಳತೆಯ ಮಾದರಿ ಕಾರಿನ ಕಪ್ಪು ಮೈಗೆ ಲ್ಯಾಕರ್ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹೊಡೆದು ಕೆಲವೇ ನಿಮಿಷ, ಬಾನೆಟ್ ಮೇಲೆಲ್ಲ ಬಿಳಿ ಮಸುಕು. ಮುಂಬೈ ಬಳಿಯ ಡೊಂಬಿವಲಿಯ ಜುಲೈ, ತೇವಾಂಶ ಮಾಪಕದಲ್ಲಿ ಶೇ. 88. ಇಂಥ ಹೊತ್ತಲ್ಲಿ ಬಣ್ಣವನ್ನೇ ಕಿತ್ತುಹಾಕುವವರಿದ್ದಾರೆ, ಅಷ್ಟೆಲ್ಲ ಬೇಡ.

ಮೊದಲು ಬೆರಳಾಡಿಸಿ ನೋಡಿ. ತರಿತರಿಯಾಗಿದ್ದರೆ ದೂರದಿಂದ ಹೊಡೆದು ಬಣ್ಣ ಗಾಳಿಯಲ್ಲೇ ಒಣಗಿದೆ ಎಂದರ್ಥ; ಅದಕ್ಕೆ 2000 ನಂಬರಿನ ಉಜ್ಜುಕಾಗದ, ಪಾಲಿಶ್. ನುಣ್ಣಗಿದ್ದೂ ಬೆಳ್ಳಗಿದ್ದರೆ ತೇವದ ಕೆಲಸ. ಬಣ್ಣ ತೆಳುಮಾಡುವ ದ್ರಾವಕ, ಅಂದರೆ ಥಿನ್ನರ್, ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರು ಪದರದೊಳಗೆ ಸಿಕ್ಕಿಕೊಳ್ಳುತ್ತದೆ.

ಮದ್ದು ರಿಟಾರ್ಡರ್ (ಒಣಗುವುದನ್ನು ತಡಮಾಡುವ ದ್ರವ) ಬೆರೆತ, ನಿಧಾನ ಆರುವ ಲ್ಯಾಕರ್ ಥಿನ್ನರ್. ಎಸಿಯನ್ನು ಡ್ರೈ ಮೋಡ್‌ನಲ್ಲಿಟ್ಟು ಕೋಣೆಯ ತೇವಾಂಶ ಶೇ. 60ಕ್ಕಿಂತ ಕೆಳಗೆ ಇಳಿಸಿದೆ. ಏರ್‌ಬ್ರಷ್‌ಗೆ (ಗಾಳಿಯಿಂದ ಬಣ್ಣ ಸಿಂಪಡಿಸುವ ಪುಟ್ಟ ಸಾಧನ) ಬರೀ ಆ ಥಿನ್ನರ್ ಹಾಕಿ, 1 ಬಾರ್ ಒತ್ತಡದಲ್ಲಿ, 12-15 ಸೆಂ.ಮೀ. ದೂರದಿಂದ ತೆಳ್ಳಗೆ ಒಂದು ಸುತ್ತು. ಮೇಲ್ಮೈ ಒದ್ದೆಯಾಗಿ ಮಿನುಗಿದೊಡನೆ ನಿಲ್ಲಿಸಬೇಕು. ಕ್ಲಿಯರ್ ಮತ್ತೆ ಕರಗಿ, ಸಿಕ್ಕಿದ್ದ ನೀರು ಹೊರಬಿದ್ದು, ಕಪ್ಪು ಕಣ್ಣೆದುರೇ ಮರಳುತ್ತದೆ. ಉಳಿದ ಮಸುಕಿಗೆ ಹತ್ತು ನಿಮಿಷ ಬಿಟ್ಟು ಇನ್ನೊಂದು ಸುತ್ತು. ಫೆಂಡರ್ ಅಂಚುಗಳಲ್ಲಿ ಕೈ ಹಗುರವಿರಲಿ, ಬಣ್ಣ ಸರಿದು ಅಡಿಯ ಪ್ರೈಮರ್ ಪದರ ಇಣುಕುತ್ತದೆ. ಡಿಕಾಲ್ (ಅಂಟಿಸಿದ ತೆಳು ಚಿತ್ರ) ಇದ್ದ ಕಡೆ ಈ ಉಪಾಯ ಬೇಡವೇ ಬೇಡ, ಸುರುಟಿಕೊಳ್ಳುತ್ತದೆ.

ಏರ್‌ಬ್ರಷ್‌ಗೆ ಗಾಳಿ ಒದಗಿಸುವ ಕಂಪ್ರೆಸರ್‌ನ ನೀರು ಹಿಡಿಯುವ ಬಟ್ಟಲನ್ನು ಮಳೆಗಾಲದಲ್ಲಿ ಪ್ರತಿ ಸಲವೂ ಖಾಲಿ ಮಾಡಿ. ಕ್ಲಿಯರ್‌ಗೇ ಶೇ. 10ರಷ್ಟು ರಿಟಾರ್ಡರ್ ಬೆರೆಸಿದರೆ ಮಸುಕು ಬಹಳಷ್ಟು ತಪ್ಪುತ್ತದೆ. ಆದರೆ ಒಣಗಲು ಹೆಚ್ಚು ಹೊತ್ತು, ಅಷ್ಟರಲ್ಲಿ ಧೂಳು ಕೂರದಂತೆ ಮುಚ್ಚಳದ ಡಬ್ಬಿ ಬೇಕು. ಆವಿ ತಡೆಯುವ ಮಾಸ್ಕ್ ಅಂತೂ ಕಡ್ಡಾಯ, ಎಸಿ ಕೋಣೆಯಲ್ಲಿ ಇನ್ನೂ ಹೆಚ್ಚು.