ಬೆವರಿದ ಭರಣಿ

ಮಣ್ಣಿನ ಪಾತ್ರೆ ಮಾಡುವ ಸ್ಟುಡಿಯೊ ಶುರು ಮಾಡಿ ಮೂರು ವರ್ಷ ಆಗಿತ್ತು. ಒಂದು ಭಾನುವಾರ ಬೆಳಗ್ಗೆ ದೊಡ್ಡಮ್ಮ ಫೋನ್ ಮಾಡಿದರು. "ಪುಟ್ಟಿ, ನಿನ್ನ ಭರಣಿ ಬೆವರ್ತಾ ಇದೆ ಕಣೇ. ಬಂದು ನೋಡು" ಅಂದರು.

ಹೋಗಿ ನೋಡಿದೆ. ಮಾವಿನಕಾಯಿ ಉಪ್ಪಿನಕಾಯಿ ತುಂಬಿದ ಭರಣಿ. ಗ್ಲೇಜ್, ಅಂದರೆ ಹೊರಗಿನ ಗಾಜಿನಂಥ ಲೇಪ, ಅದರ ಮೇಲೆಲ್ಲ ಕೂದಲೆಳೆಯಂಥ ಬಿರುಕು, ಆ ಬಿರುಕಿನಗುಂಟ ಎಣ್ಣೆ ಜಿನುಗಿತ್ತು. ಗ್ಲೇಜ್ ಇಲ್ಲದ ತಳದ ಅಂಚಿನ ಸುತ್ತ ಉಪ್ಪು ಬೆಳ್ಳಗೆ ಹೂ ಬಿಟ್ಟಂತೆ ಕೂತಿತ್ತು. ಕೆಳಗೆ ಹಾಸಿದ್ದ ನ್ಯೂಸ್‌ಪೇಪರ್ ಮೇಲೆ ದುಂಡಗಿನ ಜಿಡ್ಡಿನ ಕಲೆ. ಅದೇ ಸುಡುವಿಕೆಯ ಇನ್ನೂ ಐದು ಭರಣಿ ಮಾರಿಬಿಟ್ಟಿದ್ದೆ. ದುಡ್ಡು ಕೊಟ್ಟು ಕೊಂಡವರ ಮನೆಯಲ್ಲೂ ಹೀಗೇ ಆಗಿರುತ್ತದೆ ಅಲ್ವಾ ಅಂತ ಎದೆ ಧಸಕ್ ಅಂತು. ಐದೂ ಮನೆಗೆ ಹೋಗಿ ದುಡ್ಡು ವಾಪಸ್ ಕೊಟ್ಟು ಬಂದೆ.

ನನಗೆ ತಿಗರಿ ಮೇಲೆ ಕೂರುವುದನ್ನು ಕಲಿಸಿದವರು ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರು. ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಶುರು ಮಾಡಿದ ಜಾಗ ಅದು. ನಮ್ಮಲ್ಲಿ ಇವತ್ತು ಹೆಚ್ಚು ಶಾಖದಲ್ಲಿ ಸುಡುವ ಗಟ್ಟಿ ಪಾತ್ರೆ, ಅಂದರೆ ಸ್ಟೋನ್‌ವೇರ್ ಮಾಡುವ ಎಷ್ಟೋ ಜನರ ಗುರುಗಳನ್ನು ಹುಡುಕುತ್ತಾ ಹೋದರೆ ಅಲ್ಲಿಗೇ ಮುಟ್ಟುತ್ತೇವೆ. ಆಮೇಲೆ ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಒಬ್ಬ ಹಿರಿಯ ಕುಂಬಾರರ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಗಣಪನ ಮೂರ್ತಿ, ಹಣತೆ, ಮಡಕೆ ಎಲ್ಲ ಆಗುವ ಬೀದಿ ಅದು. ನಾನು ಒಂದೇ ಬೋಗುಣಿಯನ್ನು ತೀಡುತ್ತಾ ಕೂತರೆ ಅವರು, "ಸಾಕು ಬಿಡಮ್ಮ, ಮಣ್ಣು ಸುಸ್ತಾಗುತ್ತೆ" ಅನ್ನುತ್ತಿದ್ದರು. ನಿಜ. ಜಾಸ್ತಿ ಹೊತ್ತು ಕೈಯಾಡಿಸಿದರೆ ಮಣ್ಣು ನೀರು ಕುಡಿದು ಮೆತ್ತಗಾಗುತ್ತದೆ, ಗೋಡೆ ಕುಸಿಯುತ್ತದೆ.

ಭರಣಿ ತೋರಿಸಿದಾಗ ಅವರು ಅದರ ತಳಕ್ಕೆ ಬೆರಳಿನಿಂದ ಬಡಿದರು. ಸದ್ದು ಮಂಕಾಗಿತ್ತು. "ಬೆಂದಿಲ್ಲ" ಅಂದರು, ಅಷ್ಟೇ.

ಅವರ ಮಡಕೆ ಬೆವರಲೇಬೇಕು. ಕೆಂಪು ಮಣ್ಣನ್ನು ಕಡಿಮೆ ಶಾಖದಲ್ಲಿ ಸುಟ್ಟಾಗ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಅದರಿಂದ ನೀರು ಹೊರಗೆ ಬಂದು ಆರುವುದರಿಂದಲೇ ಒಳಗಿನ ನೀರು ತಂಪು. ಸ್ಟೋನ್‌ವೇರ್ ಭರಣಿಯ ಕೆಲಸ ಇದರ ತದ್ವಿರುದ್ಧ. ಮಣ್ಣಿನೊಳಗೆ ಒಂದಷ್ಟು ಭಾಗ ಕರಗಿ ಗಾಜಿನಂತಾಗಿ ರಂಧ್ರಗಳನ್ನು ಮುಚ್ಚಬೇಕು. ಗ್ಲೇಜ್ ಅದರ ಮೇಲಿನ ಬಟ್ಟೆ ಮಾತ್ರ. ಬಟ್ಟೆ ಹರಿದರೂ ಒಳಗಿನ ಮೈ ತಡೆಯಬೇಕು.

ನನ್ನ ಮಣ್ಣು ಬೇಯುವುದು ಸುಮಾರು 1220 ಡಿಗ್ರಿಯಲ್ಲಿ. ಪಾತ್ರೆ ಸುಡುವ ಆವಿಗೆಯ ಮೀಟರ್ ಅಷ್ಟೇ ತೋರಿಸಿತ್ತು. ಆದರೆ ಶಾಖ ಅಳೆಯುವ ಕಡ್ಡಿ ಇದ್ದದ್ದು ಮೇಲ್ಭಾಗದಲ್ಲಿ. ಭರಣಿ ಎತ್ತರ ಅಂತ ನಾನು ಅವನ್ನೆಲ್ಲ ಕೆಳಗಿನ ಅಂತಸ್ತಿನಲ್ಲಿ ಇಟ್ಟಿದ್ದೆ. ಅಲ್ಲಿ ಶಾಖ ಕಡಿಮೆ. ಕೆಳಗೊಂದು ಕೋನ್ ಇಟ್ಟಿದ್ದರೆ ಗೊತ್ತಾಗುತ್ತಿತ್ತು. ಕೋನ್ ಅಂದರೆ ಬೆರಳಿನಷ್ಟು ಸಣ್ಣ ಮಣ್ಣಿನ ಗೋಪುರ. ತಕ್ಕಷ್ಟು ಶಾಖ, ತಕ್ಕಷ್ಟು ಹೊತ್ತು ಸಿಕ್ಕರೆ ಬಾಗುತ್ತದೆ. ಸಿಗದಿದ್ದರೆ ನೆಟ್ಟಗೆ ನಿಂತಿರುತ್ತದೆ. ಈಗ ಪ್ರತಿ ಅಂತಸ್ತಿಗೂ ಒಂದು ಇಡುತ್ತೇನೆ. ಒಂದು ಕೋನ್ ಉಳಿಸಲು ಹೋಗಿ ಏಳು ಭರಣಿ ಕಳೆದುಕೊಂಡೆ.

ಅದೇ ಸುಡುವಿಕೆಯ, ಉಪ್ಪಿನಕಾಯಿ ಹಾಕದ ಒಂದು ಭರಣಿ ನನ್ನ ಹತ್ತಿರವೇ ಉಳಿದಿತ್ತು. ಅದರ ಮುಚ್ಚಳ ತೂಕ ಹಾಕಿದೆ, 412 ಗ್ರಾಂ. ಎರಡು ಗಂಟೆ ನೀರಿನಲ್ಲಿ ಕುದಿಸಿ, ಒಂದು ದಿನ ಅದೇ ನೀರಿನಲ್ಲಿ ಬಿಟ್ಟು, ಒರೆಸಿ ಮತ್ತೆ ತೂಗಿದೆ. 433 ಗ್ರಾಂ. 21 ಗ್ರಾಂ ನೀರು ಕುಡಿದಿತ್ತು, ಅಂದರೆ ನೂರಕ್ಕೆ ಐದು ಪಾಲು. ನಾನೀಗ ಒಂದೂವರೆ ದಾಟಿದರೆ ಆ ಮಣ್ಣಿನಲ್ಲಿ ಊಟದ ಪಾತ್ರೆ ಮಾಡುವುದಿಲ್ಲ. ಗ್ಲೇಜ್ ಬಿರುಕಿಗೆ ಕಾರಣ ಬೇರೆ. ಸುಟ್ಟ ಮೇಲೆ ತಣ್ಣಗಾಗುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗುತ್ತಿತ್ತು. ಗ್ಲೇಜ್‌ಗೆ ಬೆಣಚುಕಲ್ಲಿನ ಪುಡಿ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ, ಪ್ರತಿ ಸಲ ಒಂದು ಸಣ್ಣ ಮಣ್ಣಿನ ಬಿಲ್ಲೆಗೆ ಹಚ್ಚಿ ಸುಟ್ಟು ನೋಡುತ್ತಾ ಹೋದೆ. ಹನ್ನೊಂದನೇ ಬಿಲ್ಲೆಯಲ್ಲಿ ಬಿರುಕು ನಿಂತಿತು. ಆಮೇಲೆ ಅದರ ಮೇಲೆ ನಿಂಬೆ ಹೋಳು ಇಟ್ಟು ರಾತ್ರಿಯೆಲ್ಲ ಬಿಟ್ಟೆ. ಬೆಳಗ್ಗೆ ಬಣ್ಣವೂ ಹೊಳಪೂ ಹಾಗೇ ಇದ್ದವು. ನಮ್ಮ ಅಡುಗೆಯಲ್ಲಿ ಹುಣಸೆ, ನಿಂಬೆ, ಮೊಸರು ಇಲ್ಲದ ದಿನ ಯಾವುದು ಹೇಳಿ? ಹುಳಿ ತಡೆಯದ ಗ್ಲೇಜ್ ನಮಗೆ ಬೇಡ.

ಮುಚ್ಚಳದ ವಿಷಯ ಒಂದು ಹೇಳಲೇಬೇಕು. ನನ್ನ ಮಣ್ಣು ಒಣಗಿ ಬೇಯುವಷ್ಟರಲ್ಲಿ ನೂರಕ್ಕೆ ಹನ್ನೆರಡು ಪಾಲು ಕುಗ್ಗುತ್ತದೆ. ಬಾಯಿ 10 ಸೆಂಟಿಮೀಟರ್ ಬೇಕಿದ್ದರೆ ತಿಗರಿ ಮೇಲೆ 11.4 ಇರಬೇಕು. ಭರಣಿಯನ್ನೂ ಮುಚ್ಚಳವನ್ನೂ ಒಂದೇ ದಿನ, ಒಂದೇ ಮುದ್ದೆಯಿಂದ ಮಾಡಿ, ಮುಚ್ಚಿಯೇ ಒಣಗಿಸುತ್ತೇನೆ. ಬೇರೆ ಬೇರೆ ದಿನ ಮಾಡಿದ ಜೋಡಿ ನನಗೆ ಒಮ್ಮೆಯೂ ಸರಿಯಾಗಿ ಕೂತಿಲ್ಲ.

ದುಡ್ಡಿನ ಮಾತು ಬಹಳ ಜನ ಕೇಳುತ್ತಾರೆ. ನನ್ನ ಮನೆ ನಡೆಯುವುದು ಅರ್ಧಕ್ಕಿಂತ ಜಾಸ್ತಿ ಪಾಠದಿಂದಲೇ. ಲೋಟ, ತಟ್ಟೆ, ಭರಣಿ ಮಾರಿ ಬರುವುದು ಉಳಿದದ್ದು. ಒಂದು ಲೋಟಕ್ಕೆ ತಿಗರಿ ಮೇಲೆ ಬೇಕಾದದ್ದು ನಾಲ್ಕೈದು ನಿಮಿಷ. ಆದರೆ ತಳ ಕೆತ್ತಿ, ಹಿಡಿ ಅಂಟಿಸಿ, ನಿಧಾನವಾಗಿ ಒಣಗಿಸಿ, ಎರಡು ಸಲ ಸುಟ್ಟು ಕೈಗೆ ಬರಲು ಮೂರು ವಾರ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಬೆಲೆ ಹೇಳುವಾಗ ನನಗೆ ಈಗ ಸಂಕೋಚ ಇಲ್ಲ.

ಪಾಠವನ್ನು ಬರೀ ಹೊಟ್ಟೆಪಾಡು ಅಂತ ಮಾಡುತ್ತಿಲ್ಲ. ಮೊದಲ ದಿನ ಎಲ್ಲರಿಗೂ ಆತುರ, ಹೂದಾನಿ ಎಬ್ಬಿಸಬೇಕು. ನಾನು ಮಣ್ಣು ನಾದಿಸುತ್ತೇನೆ, ಮುದ್ದೆ ನಡುಮಧ್ಯಕ್ಕೆ ತರಿಸುತ್ತೇನೆ. ಮೂರನೇ ವಾರ ಅವರು ಮಾಡಿದ ಮೊದಲ ಬಟ್ಟಲನ್ನು ತಂತಿಯಿಂದ ಅರ್ಧಕ್ಕೆ ಕೊಯ್ಯಿಸುತ್ತೇನೆ. ಕಳೆದ ಬ್ಯಾಚಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಂತಿ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಕೊನೆಗೆ ಕಣ್ಣು ಮುಚ್ಚಿ ಎಳೆದರು. ಕೊಯ್ದ ಗೋಡೆ ನೋಡಿ, "ಓ, ತೂಕ ಎಲ್ಲಾ ಇಲ್ಲೇ ಕೂತಿದೆ" ಅಂತ ತಳದ ಮೂಲೆಗೆ ಬೆರಳಿಟ್ಟರು. ಮೇಲೆ ಚಪಾತಿಯಷ್ಟು ತೆಳು, ಕೆಳಗೆ ಇಡ್ಲಿಯಷ್ಟು ದಪ್ಪ. ಮುಂದಿನ ಬಟ್ಟಲು ಅರ್ಧ ಹಗುರಾಯಿತು.

ಸುಟ್ಟು ಬಂದ ಪಾತ್ರೆಯನ್ನು ಮನೆಗೆ ಒಯ್ದು, ನೀರು ತುಂಬಿ, ನ್ಯೂಸ್‌ಪೇಪರ್ ಮೇಲೆ ರಾತ್ರಿಯಿಡೀ ಇಡಬೇಕು. ಇದು ದೊಡ್ಡಮ್ಮನ ಪರೀಕ್ಷೆ. ಬೆಳಗ್ಗೆ ಪಾತ್ರೆಯದಲ್ಲ, ಪೇಪರಿನ ಫೋಟೊ ಕಳಿಸಿ ಅಂತ ಹೇಳಿರುತ್ತೇನೆ. ನಿನ್ನೆ ಆರು ಫೋಟೊ ಬಂದವು. ಐದು ಒಣಗಿದ್ದವು. ಮೇಷ್ಟ್ರ ಪೇಪರಿನಲ್ಲಿ ಮಾತ್ರ ಎಂಟಾಣೆಯಷ್ಟು ಒದ್ದೆ ಗುರುತು. ಶನಿವಾರ ಬಟ್ಟಲು ತನ್ನಿ ಸರ್, ಕುದಿಸಿ ತೂಗೋಣ ಅಂದಿದ್ದೇನೆ.