ಪ್ರೀಮಿಯಂ ತಂದವರಿಗೆ ಎಷ್ಟು ಮಾರ್ಕ್ಸ್, ಲಾಭ ತೆಗೆದವರಿಗೆ ಎಷ್ಟು?

ವಿಮಾ ಕಂಪನಿಯ ಕೆಲಸ ಎರಡು ಹಂತದ್ದು. ಒಂದು ತಂಡ ಖರ್ಚು ಮಾಡಿ ಪ್ರೀಮಿಯಂ ತರುತ್ತದೆ. ಇನ್ನೊಂದು ತಂಡ ಆ ಪ್ರೀಮಿಯಂನಿಂದ ಲಾಭ ತೆಗೆಯುತ್ತದೆ. ನಡುವಿನ ಪ್ರೀಮಿಯಂ ಮೊದಲನೆಯವರಿಗೆ ಗಳಿಕೆ, ಎರಡನೆಯವರಿಗೆ ಬಂಡವಾಳ. ಯಾವ ಬಗೆಯ ಪ್ರೀಮಿಯಂಗೆ ಎಷ್ಟು ತೂಕ ಕೊಡಬೇಕು? ಜಗ್ಗಾಟ ಶುರುವಾಗುವುದೇ ಇಲ್ಲಿ.

2008ರಲ್ಲಿ ಕಾವೊ ಮತ್ತು ಹ್ವಾಂಗ್ ಎಂಬ ಸಂಶೋಧಕರು ತೈವಾನಿನ 24 ಸಾಮಾನ್ಯ ವಿಮಾ ಕಂಪನಿಗಳ ದಕ್ಷತೆಯನ್ನು ಹೀಗೆ ಎರಡು ಹಂತವಾಗಿ ಬಿಡಿಸಿ ಅಳೆದರು. ಅದೇ ವರ್ಷ ಲಿಯಾಂಗ್, ಕುಕ್ ಮತ್ತು ಝು ಇಂಥ ಅಳತೆಗೆ ಗೇಮ್ ಥಿಯರಿ (ಒಬ್ಬರ ಆಯ್ಕೆ ಇನ್ನೊಬ್ಬರ ಫಲವನ್ನು ಬದಲಿಸುವಾಗ ಬಳಸುವ ಗಣಿತ) ತಂದರು. ಪೆನ್ನು, ಕಾಗದ ಇದ್ದರೆ ನೀವೂ ಮಾಡಿ ನೋಡಬಹುದು.

ಅಂಕಿ ಬರೆದುಕೊಳ್ಳಿ. ಕ, ಖ, ಗ ಎಂಬ ಮೂರು ಶಾಖೆ (ಅಂಕಿಗಳು ನಾನೇ ಕಟ್ಟಿದ್ದು). ಖರ್ಚು ಮೂರಕ್ಕೂ ಒಂದೇ, ಲಾಭವೂ ಒಂದೇ. ವಾಹನ ಪ್ರೀಮಿಯಂ ಕ್ರಮವಾಗಿ 8, 2, 4 ಕೋಟಿ. ಆರೋಗ್ಯ ಪ್ರೀಮಿಯಂ 2, 8, 4 ಕೋಟಿ. ನಾವು ಅಳೆಯುವುದು ಕ ಶಾಖೆಯನ್ನು.

ತೂಕ ಹಾಕಿ ಕೂಡಿಸಿ. ವಾಹನಕ್ಕೆ ತೂಕ 1 ಇರಲಿ. ಆರೋಗ್ಯದ ತೂಕ ನಿಮ್ಮ ಕೈಯಲ್ಲಿದೆ. ಕ ಶಾಖೆಯ ಮೊತ್ತವನ್ನು ಮೂರರಲ್ಲಿ ದೊಡ್ಡ ಮೊತ್ತದಿಂದ ಭಾಗಿಸಿದರೆ ಮೊದಲ ತಂಡದ ಮಾರ್ಕ್ಸ್. ಚಿಕ್ಕ ಮೊತ್ತವನ್ನು ಕ ಮೊತ್ತದಿಂದ ಭಾಗಿಸಿದರೆ ಎರಡನೆಯದರದ್ದು. ಅಷ್ಟೇ ಲಾಭಕ್ಕೆ ಕಡಿಮೆ ಪ್ರೀಮಿಯಂ ಬಳಸಿದವರೇ ಜಾಣರು, ಅಲ್ವಾ?

ಒಬ್ಬರನ್ನು ಯಜಮಾನರಾಗಿಸಿ. ಮೊದಲ ತಂಡ ಮುಂದಾಳಾದರೆ ತನಗೆ ಪೂರ್ತಿ ಮಾರ್ಕ್ಸ್ ಬರುವ ತೂಕವನ್ನೇ ಹಿಡಿಯುತ್ತದೆ. ಅಂಥ ತೂಕ ಹಲವು ಇದ್ದರೆ, ಅವುಗಳಲ್ಲಿ ಹಿಂಬಾಲಕನಿಗೆ ಹೆಚ್ಚು ಅನುಕೂಲವಾದದ್ದನ್ನು ಆರಿಸುತ್ತೇವೆ. ಇಲ್ಲಿ ಅದು 1. ಮೊತ್ತ 10, 10, 8. ಮಾರ್ಕ್ಸ್ 1 ಮತ್ತು 0.80. ಈಗ ಎರಡನೇ ತಂಡಕ್ಕೆ ಯಜಮಾನಿಕೆ ಕೊಡಿ. ಆರೋಗ್ಯದ ತೂಕ 2 ಆಗುತ್ತದೆ, ಮೊತ್ತ 12, 18, 12. ಮೊದಲ ತಂಡ 0.67ಕ್ಕೆ ಇಳಿಯುತ್ತದೆ, ಎರಡನೆಯದಕ್ಕೆ ಪೂರ್ತಿ 1. ಕೆಲಸ ಅದೇ, ಜನ ಅದೇ! ಬದಲಾಗಿದ್ದು ಯಜಮಾನರು ಮಾತ್ರ.

ಚೌಕಾಸಿಗೆ ಕೂರಿಸಿ. ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಕೊಟ್ಟ ಉಪಾಯ ಇದು. ಮಾತು ಮುರಿದರೆ ಸಿಗುವುದು, ಇನ್ನೊಬ್ಬರು ಯಜಮಾನರಾದಾಗ ಸಿಕ್ಕ 0.67 ಮತ್ತು 0.80 ಎಂದು ಇಟ್ಟುಕೊಳ್ಳಿ. ಅದಕ್ಕಿಂತ ಮೇಲೆ ಇಬ್ಬರಿಗೂ ಸಿಕ್ಕಿದ್ದನ್ನು ಗುಣಿಸಿ. ತೂಕ 1.1, 1.2 ಎಂದು ಏರಿಸುತ್ತಾ ಹೋದರೆ, 1.4ರ ಹತ್ತಿರ ಗುಣಲಬ್ಧ ಎಲ್ಲಕ್ಕಿಂತ ದೊಡ್ಡದಾಗುತ್ತದೆ. ಆಗ ಮಾರ್ಕ್ಸ್ 0.82 ಮತ್ತು 0.89.

ಒಂದು ತಮಾಷೆ ಇದೆ. ಎರಡೂ ಹಂತ ಗುಣಿಸಿ ಒಟ್ಟು ಮಾರ್ಕ್ಸ್ ತೆಗೆದರೆ ರಾಜಿಯಲ್ಲಿ 0.73, ಮೊದಲ ತಂಡದ ಯಜಮಾನಿಕೆಯಲ್ಲಿ 0.80. ರಾಜಿಯಿಂದ ಒಟ್ಟು ಏರಲೇಬೇಕೆಂದೇನೂ ಇಲ್ಲ. ಹಾಗಾಗಿ ಮ್ಯಾನೇಜರ್ ಮುಂದೆ ಒಂದೇ ಅಂಕಿ ಇಟ್ಟು ಸುಮ್ನೆ ಕೂರಬೇಡಿ. ಮೊದಲ ತಂಡ 0.67ರಿಂದ 1, ಎರಡನೆಯದು 0.80ರಿಂದ 1 ಎಂದು ಎರಡು ತುದಿಯನ್ನೂ ತೋರಿಸಿ.

ನಡುವೆ ಒಂದೇ ಬಗೆಯ ಪ್ರೀಮಿಯಂ ಇದ್ದರೆ ಈ ಕಸರತ್ತು ಬೇಡವೇ ಬೇಡ. ಭಾಗಿಸುವಾಗ ತೂಕ ತಾನಾಗಿಯೇ ಹೊಡೆದುಹೋಗುತ್ತದೆ. ಖರ್ಚು, ಲಾಭಗಳೂ ಶಾಖೆಯಿಂದ ಶಾಖೆಗೆ ಬೇರೆಯಾಗಿದ್ದರೆ ಮಾತ್ರ ಪೆನ್ನು ಕೆಳಗಿಟ್ಟು ಎಕ್ಸೆಲ್‌ನಲ್ಲಿ ಅತ್ಯುತ್ತಮ ತೂಕ ಹುಡುಕಿಕೊಡುವ ಸಾಲ್ವರ್ ತೆರೆಯಿರಿ.